ವಿಶ್ವವಿದ್ಯಾನಿಲಯದ ಸಾಹಿತ್ಯ ಪತ್ರಿಕೆಗಳು ಮತ್ತು ಬರಹ ಸಲ್ಲಿಕೆ

ವಿಶ್ವವಿದ್ಯಾನಿಲಯಗಳು, ಕಾಲೇಜುಗಳು ಅಥವಾ ಅವುಗಳಲ್ಲಿರುವ ಕನ್ನಡ ಸಂಘಗಳು ಹೊರತರುವ, ಕವಿತೆ, ಕಥೆ, ಪ್ರಬಂಧ, ನಾಟಕ, ಅನುವಾದ ಮತ್ತು ವಿಮರ್ಶೆಗಳನ್ನು ಪ್ರಕಟಿಸುವ ನಿಯತಕಾಲಿಕೆಗಳನ್ನು ವಿಶ್ವವಿದ್ಯಾನಿಲಯದ ಸಾಹಿತ್ಯ ಪತ್ರಿಕೆಗಳು ಎನ್ನಲಾಗುತ್ತದೆ. ಕನ್ನಡದಲ್ಲಿ ಈ ಪರಂಪರೆಯ ಪ್ರಮುಖ ಪತ್ರಿಕೆ ಪ್ರಬುದ್ಧ ಕರ್ಣಾಟಕ. ಹೊಸ ಲೇಖಕರ ಮೊದಲ ಬರಹವು ಅಚ್ಚಾಗುವ ಸ್ಥಳ ಅನೇಕ ವೇಳೆ ಇಂತಹ ಪತ್ರಿಕೆಯೇ ಆಗಿರುತ್ತದೆ. ಈ ಲೇಖನವು ಅವುಗಳ ಹಿನ್ನೆಲೆ, ಬಗೆಗಳು, ಬರಹ ಸಲ್ಲಿಸುವ ಕ್ರಮ ಮತ್ತು ಲೇಖಕರ ಹಕ್ಕುಗಳನ್ನು ಕುರಿತದ್ದು.

ಇತಿಹಾಸ

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಅದರ ವ್ಯಾಪ್ತಿಯಲ್ಲಿತ್ತು. ಅಲ್ಲಿನ ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ವಿದ್ಯಾವಂತರು ಗಂಭೀರ ವಿಷಯಗಳನ್ನು ಕನ್ನಡದಲ್ಲಿ ಬರೆಯುವುದು ವಿರಳವಾಗಿತ್ತು. ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ ಅಧ್ಯಾಪಕ ಎ. ಆರ್. ಕೃಷ್ಣಶಾಸ್ತ್ರಿ (೧೮೯೦–೧೯೬೮) ಅವರು ಕಾಲೇಜಿನಲ್ಲಿ ಕರ್ನಾಟಕ ಸಂಘವನ್ನು ಕಟ್ಟಿದರು. ೧೯೧೮–೧೯ರ ಹೊತ್ತಿಗೆ ಸಂಘದ ವತಿಯಿಂದ ಪ್ರಬುದ್ಧ ಕರ್ಣಾಟಕ ಎಂಬ ತ್ರೈಮಾಸಿಕ ಆರಂಭವಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ಅದರ ಪ್ರಕಟಣೆಯ ಹೊಣೆಯನ್ನು ವಹಿಸಿಕೊಂಡಿತು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು ೧೯೨೭ರಲ್ಲಿ. ಅಂದರೆ ಕನ್ನಡ ಸ್ನಾತಕೋತ್ತರ ಪದವಿಗಿಂತ ಸುಮಾರು ಎಂಟು ವರ್ಷ ಮೊದಲೇ ಪತ್ರಿಕೆಯು ಹುಟ್ಟಿತ್ತು. ಪಠ್ಯಕ್ರಮವು ಅವಕಾಶ ಕೊಡುವವರೆಗೆ ಕಾಯದೆ ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವಾಗಿಯೇ ಕನ್ನಡಕ್ಕೆ ಒಂದು ವೇದಿಕೆಯನ್ನು ಕಲ್ಪಿಸಿಕೊಂಡರು ಎಂಬುದು ಇಲ್ಲಿ ಗಮನಾರ್ಹ.

ಸೆಂಟ್ರಲ್ ಕಾಲೇಜಿನಲ್ಲಿ ಮುಂದೆ ಅಧ್ಯಾಪಕರಾಗಿದ್ದ ಜಿ. ಪಿ. ರಾಜರತ್ನಂ ಅವರು ವಿದ್ಯಾರ್ಥಿಗಳ ಬರವಣಿಗೆಗೆ ಒತ್ತಾಸೆಯಾಗಿ ನಿಂತರು. ೧೯೭೦ರ ದಶಕದಿಂದ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವು ಚಿ. ಶ್ರೀನಿವಾಸರಾಜು ಅವರ ಮುಂದಾಳುತನದಲ್ಲಿ ಇದೇ ಕೆಲಸವನ್ನು ಮುಂದುವರಿಸಿತು. ಅಂತರ ಕಾಲೇಜು ಕವಿತೆ ಮತ್ತು ಸಣ್ಣಕಥೆ ಸ್ಪರ್ಧೆಗಳನ್ನು ನಡೆಸುವುದರ ಜೊತೆಗೆ ಹೊಸಬರ ಪುಸ್ತಕಗಳನ್ನೂ ಅದು ಪ್ರಕಟಿಸಿತು.

ಬಗೆಗಳು

ಎಲ್ಲ ಪತ್ರಿಕೆಗಳೂ ಒಂದೇ ಬಗೆಯ ಬರಹವನ್ನು ಸ್ವೀಕರಿಸುವುದಿಲ್ಲ. ಸ್ಥೂಲವಾಗಿ ಅವನ್ನು ಹೀಗೆ ವಿಂಗಡಿಸಬಹುದು.

ಭಿತ್ತಿಪತ್ರಿಕೆ: ಕೈಬರಹದ ಅಥವಾ ಮುದ್ರಿತ ಹಾಳೆಗಳನ್ನು ಕಾಲೇಜಿನ ಫಲಕಕ್ಕೆ ಅಂಟಿಸುವ ಕ್ರಮ. ಖರ್ಚು ಕಡಿಮೆ, ಓದುಗರ ಪ್ರತಿಕ್ರಿಯೆ ಅಂದೇ ದೊರೆಯುತ್ತದೆ.

ವಾರ್ಷಿಕ ಸಂಚಿಕೆ: ಕಾಲೇಜಿನ ವರ್ಷದ ವರದಿಯೊಂದಿಗೆ ವಿದ್ಯಾರ್ಥಿಗಳ ಬರಹಗಳನ್ನು ಒಳಗೊಂಡದ್ದು. ಆಯಾ ಕಾಲೇಜಿನವರಿಗೆ ಮಾತ್ರ ಅವಕಾಶವಿರುತ್ತದೆ.

ಸಂಘದ ಸಂಕಲನ: ಸ್ಪರ್ಧೆಯಲ್ಲಿ ಬಹುಮಾನ ಪಡೆದ ಅಥವಾ ಮೆಚ್ಚುಗೆ ಗಳಿಸಿದ ರಚನೆಗಳನ್ನು ಒಟ್ಟುಗೂಡಿಸಿ ತರುವ ಪುಸ್ತಕ.

ವಿಶ್ವವಿದ್ಯಾನಿಲಯದ ನಿಯತಕಾಲಿಕ: ಮೈಸೂರಿನ ಪ್ರಬುದ್ಧ ಕರ್ಣಾಟಕ, ಬೆಂಗಳೂರು ವಿಶ್ವವಿದ್ಯಾನಿಲಯದ ಸಾಧನೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಕರ್ನಾಟಕ ಭಾರತಿ ಈ ಗುಂಪಿಗೆ ಸೇರುತ್ತವೆ. ಇಂತಹ ಪತ್ರಿಕೆಗಳಲ್ಲಿ ವಿದ್ವತ್ ಲೇಖನಗಳಿಗೆ ಹೆಚ್ಚಿನ ಸ್ಥಾನವಿರುತ್ತದೆ. ಆದ್ದರಿಂದ ಕವಿತೆ ಕಳುಹಿಸುವ ಮೊದಲು ಹಿಂದಿನ ಎರಡು ಮೂರು ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ನೋಡುವುದು ಉಚಿತ. ಒಳ್ಳೆಯ ಕವಿತೆಯೂ ಸಂಶೋಧನಾ ಪತ್ರಿಕೆಗೆ ಹೋದರೆ ಅಸ್ವೀಕೃತವಾಗುವುದು ಸಹಜ; ಅದು ಕವಿತೆಯ ದೋಷವಲ್ಲ.

ಸಲ್ಲಿಸುವ ಕ್ರಮ

ಪತ್ರಿಕೆಯ ಸೂಚನೆಗಳೇ ಅಂತಿಮ. ಸಾಮಾನ್ಯವಾಗಿ ಪಾಲಿಸಲಾಗುವ ಕ್ರಮ ಇಂತಿದೆ.

ಹಾಳೆಯ ಒಂದೇ ಮಗ್ಗುಲಲ್ಲಿ, ಅಂಚು ಬಿಟ್ಟು, ಸ್ಫುಟವಾಗಿ ಬರೆಯಬೇಕು ಅಥವಾ ಬೆರಳಚ್ಚು ಮಾಡಿಸಬೇಕು. ಕವಿತೆಯಲ್ಲಿ ಸಾಲು ಎಲ್ಲಿ ಮುರಿಯುತ್ತದೆ, ಪದ್ಯಭಾಗಗಳ ನಡುವೆ ಎಲ್ಲಿ ಜಾಗ ಬಿಡಲಾಗಿದೆ ಎಂಬುದು ಸ್ಪಷ್ಟವಾಗಿರಬೇಕು. ಅಚ್ಚಿನಲ್ಲಿ ಅದು ಬದಲಾದರೆ ಲಯವೂ ಅರ್ಥವೂ ಕೆಡುತ್ತವೆ. ಜೊತೆಯ ಪತ್ರದಲ್ಲಿ ಹೆಸರು, ತರಗತಿ, ಕಾಲೇಜು, ವಿಳಾಸ ಹಾಗೂ ಬರಹವು ಸ್ವಂತದ್ದು, ಬೇರೆಲ್ಲೂ ಪ್ರಕಟವಾಗಿಲ್ಲ ಎಂಬ ದೃಢೀಕರಣ ಇದ್ದರೆ ಸಾಕು. ಕವಿತೆಯ ಅರ್ಥವನ್ನು ಪತ್ರದಲ್ಲಿ ವಿವರಿಸುವ ಅಗತ್ಯವಿಲ್ಲ. ಅನುವಾದವಾದರೆ ಮೂಲ ಲೇಖಕರ ಹೆಸರು, ಮೂಲ ಭಾಷೆ ಮತ್ತು ಅನುಮತಿಯ ವಿವರವನ್ನು ಸೇರಿಸಬೇಕು.

ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಬರಹವನ್ನು ಯುನಿಕೋಡ್‌ನಲ್ಲಿ ಕಳುಹಿಸುವುದು ಕ್ಷೇಮ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತವು, ಆ ಶೈಲಿಗಳಿಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಕಡತದ ಜೊತೆಗೆ ಪಿಡಿಎಫ್ ಪ್ರತಿಯನ್ನು ಇಟ್ಟರೆ ಒತ್ತಕ್ಷರಗಳೂ ಸಾಲುಗಳೂ ಮೂಲದಲ್ಲಿ ಹೇಗಿದ್ದವೆಂದು ಸಂಪಾದಕರು ಹೋಲಿಸಿ ನೋಡಬಹುದು. ಕೈಬರಹದ ಪ್ರತಿಯಾದರೆ ಲೇಖಕರು ತಮ್ಮಲ್ಲಿ ಒಂದು ನಕಲನ್ನು ಉಳಿಸಿಕೊಳ್ಳಲೇಬೇಕು. ಅಸ್ವೀಕೃತ ಬರಹ ಮರಳಿ ಬರುವುದು ಅಪರೂಪ.

ಒಂದೇ ರಚನೆಯನ್ನು ಏಕಕಾಲದಲ್ಲಿ ಹಲವು ಪತ್ರಿಕೆಗಳಿಗೆ ಕಳುಹಿಸುವುದನ್ನು ಕನ್ನಡದ ಸಂಪಾದಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಹುಕಾಲ ಉತ್ತರ ಬಾರದಿದ್ದಲ್ಲಿ ವಿನಯದಿಂದ ವಿಚಾರಿಸಿ, ಬರಹವನ್ನು ಹಿಂಪಡೆದಿರುವುದಾಗಿ ತಿಳಿಸಿ, ಅನಂತರ ಬೇರೆಡೆಗೆ ಕಳುಹಿಸಬಹುದು.

ಸ್ಪರ್ಧೆಗಳು

ಅಂತರ ಕಾಲೇಜು ಸ್ಪರ್ಧೆಗಳಲ್ಲಿ ಕವಿತೆಯ ಹಾಳೆಯ ಮೇಲೆ ಹೆಸರು ಬರೆಯದೆ, ವಿವರಗಳನ್ನು ಪ್ರತ್ಯೇಕ ಹಾಳೆಯಲ್ಲಿ ಕೊಡುವಂತೆ ಸೂಚಿಸುವುದುಂಟು. ತೀರ್ಪುಗಾರರು ಬರೆದವರನ್ನು ನೋಡದೆ ಬರಹವನ್ನು ಮಾತ್ರ ನೋಡಲಿ ಎಂಬುದು ಇದರ ಉದ್ದೇಶ. ಅಭ್ಯರ್ಥಿಯು ವಿದ್ಯಾರ್ಥಿ ಎಂಬುದಕ್ಕೆ ಪ್ರಾಂಶುಪಾಲರ ದೃಢೀಕರಣ ಪತ್ರವನ್ನು ಕೇಳುವುದೂ ವಾಡಿಕೆ. ಈ ಅವಕಾಶ ವ್ಯಾಸಂಗದ ಅವಧಿಗೆ ಸೀಮಿತ. ಪದವಿ ಮುಗಿದ ಮೇಲೆ ಅದು ದೊರೆಯುವುದಿಲ್ಲ.

ಇಂತಹ ಸ್ಪರ್ಧೆಗಳು ಸಾಮಾನ್ಯವಾಗಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವವರಿಗೆ ಮಾತ್ರ ಮೀಸಲಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದ್ (೧೯೩೬–೨೦೨೦) ಓದಿದ್ದು ಭೂವಿಜ್ಞಾನ. ಅವರ ಮೊದಲ ಕವನ ಸಂಕಲನ ಪ್ರಕಟವಾದದ್ದು ೧೯೬೦ರಲ್ಲಿ, ಎಂ.ಎಸ್ಸಿ. ಮುಗಿಸಿದ ಮರುವರ್ಷ. ಉತ್ತರ ಬೆಂಗಳೂರಿನ ಮಟ್ಟಿಗೆ ಇದು ವಿಶೇಷವಾಗಿ ಪ್ರಸ್ತುತ. ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆ (೧೯೦೯), ಹೆಬ್ಬಾಳ ಭಾಗದ ಕೃಷಿ ವಿಶ್ವವಿದ್ಯಾನಿಲಯ (೧೯೬೪) ಮತ್ತು ಸುತ್ತಲಿನ ತಾಂತ್ರಿಕ ಕಾಲೇಜುಗಳಲ್ಲಿ ಕನ್ನಡದಲ್ಲಿ ಬರೆಯಬಲ್ಲ ವಿದ್ಯಾರ್ಥಿಗಳ ಮುಖ್ಯ ವಿಷಯ ಸಾಹಿತ್ಯವಲ್ಲ. ಅವರ ಪಾಲಿಗೆ ಕನ್ನಡ ಸಂಘವೇ ಸಾಹಿತ್ಯದ ತರಗತಿ.

ಹಕ್ಕುಸ್ವಾಮ್ಯ

೧೯೫೭ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ವೇತನದ ಉದ್ಯೋಗದ ಭಾಗವಾಗಿ ಬರೆಯದ ಕವಿತೆ ಅಥವಾ ಕಥೆಯ ಮೊದಲ ಹಕ್ಕುದಾರರು ಬರೆದವರೇ. ನೋಂದಣಿ ಕಡ್ಡಾಯವಲ್ಲ. ಹಕ್ಕು ಲೇಖಕರ ಜೀವಿತಾವಧಿ ಹಾಗೂ ಆನಂತರದ ೬೦ ವರ್ಷಗಳವರೆಗೆ ಇರುತ್ತದೆ. ಪತ್ರಿಕೆಯಲ್ಲಿ ಒಮ್ಮೆ ಅಚ್ಚಾದ ಮಾತ್ರಕ್ಕೆ ಹಕ್ಕು ಪತ್ರಿಕೆಗೆ ಸೇರುವುದಿಲ್ಲ. ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಲೇಖಕರ ಸಹಿಯನ್ನು ಹೊಂದಿರಬೇಕು. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ನಿಬಂಧನೆಗಳನ್ನು ಓದಬೇಕು. ಮುಂದೆ ಸಂಕಲನ ತರುವಾಗ, ರಚನೆ ಮೊದಲು ಪ್ರಕಟವಾದ ಪತ್ರಿಕೆಯನ್ನು ನೆನೆಯುವುದು ಸತ್ಸಂಪ್ರದಾಯ.

ಎಚ್ಚರಿಕೆಗಳು

ಹೊಸಬರ ಆಸೆಯನ್ನು ಬಳಸಿಕೊಂಡು ಪ್ರಕಟಣಾ ಶುಲ್ಕ ಕೇಳುವ, ಅಥವಾ ಹತ್ತಾರು ಪ್ರತಿಗಳನ್ನು ಕೊಳ್ಳಲೇಬೇಕೆಂದು ಷರತ್ತು ಹಾಕುವ ಪ್ರಕಟಣೆಗಳಿವೆ. ಎಂಟು ಅಂಕಿಗಳ ಐಎಸ್‌ಎಸ್‌ಎನ್ ಸಂಖ್ಯೆಯನ್ನು ಇವು ಗುಣಮಟ್ಟದ ಪ್ರಮಾಣವೆಂಬಂತೆ ತೋರಿಸುವುದುಂಟು. ವಾಸ್ತವವಾಗಿ ಆ ಸಂಖ್ಯೆ ನಿಯತಕಾಲಿಕವನ್ನು ಗುರುತಿಸಲು ಮಾತ್ರ. ಅದು ಬರಹಗಳ ಆಯ್ಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಾಲೇಜಿನ ಸಂಚಿಕೆಯಲ್ಲಿ ಕವಿತೆ ಪ್ರಕಟಿಸಲು ವಿದ್ಯಾರ್ಥಿ ಹಣ ಕೊಡಬೇಕಾಗಿಲ್ಲ.

ಅಸ್ವೀಕೃತಿಗೆ ಸ್ಥಳಾಭಾವ, ಸಂಚಿಕೆಯ ವಿಷಯ, ತಡವಾಗಿ ತಲುಪುವಿಕೆ ಮೊದಲಾದ ಅನೇಕ ಕಾರಣಗಳಿರುತ್ತವೆ. ಕಾರಣ ತಿಳಿಸಲು ಸಂಪಾದಕರಿಗೆ ಬಿಡುವಿರುವುದಿಲ್ಲ. ಮರಳಿದ ಕವಿತೆಯನ್ನು ಕೆಲವು ದಿನ ಬಿಟ್ಟು ಗಟ್ಟಿಯಾಗಿ ಓದಿ, ತಿದ್ದಿ, ಮತ್ತೊಂದು ಸೂಕ್ತ ಪತ್ರಿಕೆಗೆ ಕಳುಹಿಸುವುದು ರೂಢಿಯಲ್ಲಿರುವ ಮಾರ್ಗ.