ರಾಶಿ ಯಂತ್ರ ನಡುಗದಿರಲಿ



ಮುಂಗಾರಿನ ಸೋಯಾ ಅವರೆ ಕಟಾವಿಗೆ ಬಂದೊಡನೆ ಡಾಬಕಾ, ಔರಾದ, ಭಾಲ್ಕಿ ಕಡೆಯ ಹೊಲಗಳಲ್ಲಿ ರಾಶಿ ಯಂತ್ರದ ಸದ್ದು ಕೇಳಿಬರುತ್ತದೆ. ಯಂತ್ರ ಗಡಗಡ ನಡುಗಿದರೂ "ಯಂತ್ರವೆಂದ ಮೇಲೆ ಇಷ್ಟಾದರೂ ಇರಲೇಬೇಕು" ಎಂದು ಸುಮ್ಮನಾಗುತ್ತೇವೆ. ನಡುಕವೆಂಬುದು ಮೈಗೆ ಬಂದ ಜ್ವರವಿದ್ದಂತೆ, ರೋಗ ಒಳಗಿರುತ್ತದೆ. ಅಲಕ್ಷಿಸಿದರೆ ಬೋಲ್ಟು ಸಡಿಲಾಗಿ, ಬೇರಿಂಗು ಸವೆದು, ಬೆಸುಗೆ ಬಿರಿದು, ಸುಗ್ಗಿಯ ನಡುವೆಯೇ ಕೆಲಸ ನಿಲ್ಲುತ್ತದೆ. ಸಡಿಲಾದ ಹಲ್ಲು ಸಿಡಿದರೆ ಜೀವಕ್ಕೇ ಅಪಾಯ.

ಕಾರಣವೇನು?

ಡ್ರಮ್ಮಿನ ತೂಕ ಸುತ್ತಲೂ ಸಮನಾಗಿರಬೇಕು. ಒಂದು ಬದಿಯ ಹಲ್ಲು ಸವೆದರೆ ಅಥವಾ ಮುರಿದರೆ ಎದುರಿನ ಭಾರದ ಬದಿ ಪ್ರತಿ ಸುತ್ತಿಗೂ ಯಂತ್ರವನ್ನು ಹೊರಕ್ಕೆ ಜಗ್ಗುತ್ತದೆ. ವೇಗವನ್ನು ನಿಮಿಷಕ್ಕೆ 400 ಸುತ್ತಿನಿಂದ 800ಕ್ಕೆ ಏರಿಸಿದರೆ ಈ ಜಗ್ಗಾಟ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ.

ಬೀಜಕ್ಕೂ ವೇಗ ಕೇಡು. ಸೋಯಾ ಕಾಳಿನ ಸಿಪ್ಪೆ ತೆಳುವಾದುದು. ಪೆಟ್ಟು ಬಿದ್ದರೆ ಕಣ್ಣಿಗೆ ಕಾಣದ ಬಿರುಕಾಗಿ ಮೊಳಕೆ ಕುಗ್ಗುತ್ತದೆ. ಬಿತ್ತನೆ ಬೀಜಕ್ಕಾಗಿ ರಾಶಿ ಮಾಡುವಾಗ ಕಾಳಿನ ತೇವಾಂಶ ಶೇ. 13ರಿಂದ 15, ಡ್ರಮ್ಮಿನ ವೇಗ 350ರಿಂದ 400 ಸುತ್ತು ಇರಲಿ. ಪ್ರಮಾಣಿತ ಬೀಜದಲ್ಲಿ ಕನಿಷ್ಠ ಶೇ. 70 ಮೊಳಕೆ ಬರಲೇಬೇಕು.

ಅನುಸರಿಸಬೇಕಾದ ಕ್ರಮಗಳು

1. ಯಂತ್ರ ನಿಲ್ಲಿಸಿ, ಪಟ್ಟಾ ಕಳಚಿ, ಡ್ರಮ್ಮನ್ನು ಕೈಯಿಂದ ತಿರುಗಿಸಿ ಬಿಡಿರಿ. ಪ್ರತಿ ಸಲವೂ ಒಂದೇ ಬದಿ ಕೆಳಗೆ ಬಂದು ನಿಂತರೆ ಆ ಬದಿ ಭಾರವೆಂದು ತಿಳಿಯಿರಿ.

2. ಒಂದು ಹಲ್ಲು ಬದಲಿಸಿದರೆ ಅದರ ಎದುರಿನದನ್ನೂ ಅದೇ ತೂಕದ್ದಕ್ಕೆ ಬದಲಿಸಿರಿ.

3. ಎರಡೂ ಪುಲ್ಲಿಗಳು ಒಂದೇ ನೇರದಲ್ಲಿವೆಯೇ ಎಂದು ದಾರ ಹಿಡಿದು ನೋಡಿರಿ.

4. ಹಿಟ್ಟಿನ ಗಿರಣಿ, ಡೀಸೆಲ್ ಎಂಜಿನ್ನುಗಳಿಗೆ ಭದ್ರ ಬುನಾದಿ ಬೇಕು. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಆದ್ದರಿಂದ ಗರಸು ಸಿಗುವವರೆಗೆ ಅಗೆದು, ಯಂತ್ರದ ತೂಕದ ಕನಿಷ್ಠ ಮೂರು ಪಟ್ಟು ಕಾಂಕ್ರೀಟು ಹಾಕಿರಿ. ಬುನಾದಿಗೂ ಗೋಡೆಗೂ ನಡುವೆ ಸಂದು ಬಿಡಿರಿ. ಇಲ್ಲವಾದರೆ ನಡುಕ ಗೋಡೆಗೆ ಹರಿಯುತ್ತದೆ.

5. ಕಾಲಡಿಗೆ ಸಿಕ್ಕ ರಬ್ಬರು ಇಟ್ಟರೆ ಸಾಲದು. ಪಂಚಮಿಯ ಜೋಕಾಲಿಯನ್ನು ಅದರ ಓಟಕ್ಕೆ ಸರಿಯಾಗಿ ನೂಕಿದರೆ ಅದು ಮೇಲೇರುತ್ತಲೇ ಹೋಗುತ್ತದಲ್ಲವೇ? ರಬ್ಬರಿನ ತೂಗಾಟವೂ ಯಂತ್ರದ ಸುತ್ತೂ ಹಾಗೆ ಹೊಂದಿಕೊಂಡರೆ ನಡುಕ ಹೆಚ್ಚುತ್ತದೆ. ಯಂತ್ರದ ಭಾರಕ್ಕೆ ತಕ್ಕಷ್ಟು ಕುಗ್ಗುವ ಮೆತ್ತೆಯನ್ನೇ ಬಲ್ಲವರನ್ನು ಕೇಳಿ ಹಾಕಿಸಿರಿ.

ಸುಗ್ಗಿಗೆ ಮೊದಲು ಇದಕ್ಕಾಗಿ ಒಂದು ದಿನ ಕಳೆಯಿರಿ. ಆ ಒಂದು ದಿನ ಯಂತ್ರವನ್ನೂ, ಬೀಜವನ್ನೂ, ಅದರ ಮುಂದೆ ನಿಂತು ಸಿವುಡು ಕೊಡುವ ಕೈಗಳನ್ನೂ ಉಳಿಸುತ್ತದೆ.