ಗೆದ್ದಲು ಬೆಳೆಯುವ ಅಣಬೆ

ಪುನರ್ವಸು ಮಳೆ ಹಿಡಿದು ನಾಲ್ಕು ದಿನ ಕಳೆದರೆ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಜ್ಜಿ ಬುಟ್ಟಿ ಹಿಡಿದು ಹಕ್ಕಲಿಗೆ ಹೊರಡುತ್ತಾರೆ. ವಾಪಸು ಬಂದಾಗ ಬುಟ್ಟಿ ತುಂಬ ಹೆಗ್ಗಾಲಣಬೆ. ಅವತ್ತು ರಾತ್ರಿ ಕಡುಬು, ಅಣಬೆ ಸಾರು.

ಈ ಅಣಬೆಯನ್ನು ಬೆಳೆಯುವುದು ಗೆದ್ದಲು ಎಂದು ನನಗೆ ಗೊತ್ತಾಗಿದ್ದು ಬಿಇ ಮೊದಲ ವರ್ಷದಲ್ಲಿ. ಇದರ ವೈಜ್ಞಾನಿಕ ಹೆಸರು ಟರ್ಮಿಟೋಮೈಸಿಸ್. ಗೆದ್ದಲುಗಳು ಒಣ ಎಲೆ, ಕಡ್ಡಿಗಳನ್ನು ಜಗಿದು ನುಂಗಿ, ಅರೆ ಜೀರ್ಣವಾದ ಹಿಕ್ಕೆಯಿಂದ ನೆಲದೊಳಗೆ ಸ್ಪಂಜಿನಂಥ ತಟ್ಟಿ ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿಗೆ ಸುಲಭವಾಗಿ ಅರಗದ ಲಿಗ್ನಿನ್ ಅನ್ನು ಅದು ಒಡೆದು, ಊಟ ಸಿದ್ಧ ಮಾಡಿಕೊಡುತ್ತದೆ. ಮಳೆಗೆ ಮಣ್ಣು ನೆನೆದಾಗ ಅದೇ ತಟ್ಟಿಯಿಂದ ಬೇರಿನಂಥ ಉದ್ದ ಕಾಲು ಮೇಲೆದ್ದು ನೆಲ ಸೀಳಿ ಕೊಡೆ ಬಿಚ್ಚುತ್ತದೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಶುರುವಾದ ಬೇಸಾಯವಿದು. ಚಿಪ್ಪಣಬೆಯನ್ನು ನಾವು ಹುಲ್ಲಿನ ಚೀಲದಲ್ಲಿ ಬೆಳೆಯುತ್ತೇವೆ. ಗೆದ್ದಲಿನ ನೆರವಿಲ್ಲದೆ ಇದನ್ನು ಹಾಗೆ ಬೆಳೆದು ಮಾರಲು ಆಗಿಲ್ಲ.

ಓದಿದ ಮೇಲೆ ಕೈ ಸುಮ್ಮನಿರಲಿಲ್ಲ. ರಜೆಗೆ ಬಂದವನು ಅಜ್ಜಿಯ ಖಾಯಂ ಜಾಗವನ್ನೇ ಪಿಕಾಸಿಯಿಂದ ಅಗೆದೆ. ಕಂದು ಬಣ್ಣದ ತಟ್ಟಿ, ಅದರ ಮೇಲೆ ಸಾಸಿವೆಯಂಥ ಬಿಳಿ ಗುಂಡುಗಳು, ಗಾಬರಿಯಿಂದ ಓಡುವ ಗೆದ್ದಲು, ಎಲ್ಲ ಕಂಡೆ. ಮೊಬೈಲಿನಲ್ಲಿ ಫೋಟೊನೂ ತೆಗೆದೆ. ಮರುವರ್ಷ ಅಲ್ಲಿ ಒಂದೇ ಒಂದು ಅಣಬೆ ಏಳಲಿಲ್ಲ.

‘ಬಿಚ್ಚಿದ್ಯಲ್ಲ, ಈಗ ಜೋಡ್ಸು ನೋಡನ’ ಎಂದರು ಅಜ್ಜಿ. ನನ್ನಲ್ಲಿ ಉತ್ತರವಿರಲಿಲ್ಲ.

ಅಜ್ಜಿ ಎಂದೂ ಹುತ್ತ ಕೆದಕಿದವರಲ್ಲ. ಪೂರ್ತಿ ಅರಳಿದ ನಾಲ್ಕಾರು ಅಣಬೆಗಳನ್ನು ಅಲ್ಲೇ ಬಿಟ್ಟು ಬರುತ್ತಾರೆ. ಅವುಗಳಿಂದ ಉದುರುವ ಬೀಜಕಣಗಳನ್ನು ಹೊಸ ಗೂಡಿನ ಗೆದ್ದಲುಗಳು ಮೇವಿನ ಜೊತೆ ಒಳಗೊಯ್ದು ಬೇಸಾಯ ಶುರು ಮಾಡುತ್ತವೆ ಎಂದು ನಾನು ಆಮೇಲೆ ಓದಿದೆ. ಅಜ್ಜಿ ಓದಿಲ್ಲ, ಆದರೆ ತಪ್ಪದೆ ಪಾಲಿಸುತ್ತಾರೆ.

ಅವರ ಇನ್ನೊಂದು ನಿಯಮ: ಗುರುತು ಸಿಗದ ಅಣಬೆ ಮುಟ್ಟಬಾರದು. ಇದನ್ನು ಗೆಳೆಯರಿಗೂ ಹೇಳುತ್ತೇನೆ. ಕೆಲವು ವಿಷದ ಅಣಬೆಗಳು ತಿಂದ ಆರೇಳು ಗಂಟೆಯವರೆಗೆ ಸುಳಿವೇ ಕೊಡದೆ ಯಕೃತ್ತನ್ನು ಹಾಳು ಮಾಡುತ್ತವೆ. ಬೇಯಿಸಿದರೂ ಆ ವಿಷ ಹೋಗದು. ಮೊಬೈಲ್ ಆ್ಯಪ್ ನಂಬಿ ಕಾಡಣಬೆ ತಿನ್ನಬೇಡಿ.

ಈ ಮಳೆಗಾಲ ಅಜ್ಜಿ ನನಗೆ ಇನ್ನೊಂದು ಜಾಗ ತೋರಿಸಲು ಒಪ್ಪಿದ್ದಾರೆ. ಪಿಕಾಸಿ ಮನೆಯಲ್ಲೇ ಇಟ್ಟು ಬರಬೇಕೆಂಬುದು ಷರತ್ತು.