ಉಕ್ಕಿನ ಎರಡು ಮುರಿತ

ಪುಣೆಯ ವಿಮಾನ ನಗರದಿಂದ ಹೊರಟು ನದಿ ದಾಟಿದರೆ ಮುಂಢವಾ ಹತ್ತಿರವೇ. ನೀಲಕಂಠರಾವ್ ಕಲ್ಯಾಣಿ 1961ರಲ್ಲಿ ಕಟ್ಟಿದ ಭಾರತ್ ಫೋರ್ಜ್ ಇರುವುದು ಅಲ್ಲಿ. ಅದೇ ಸಮೂಹದ ಉಕ್ಕಿನ ಕಾರ್ಖಾನೆ ನಮ್ಮ ಕೊಪ್ಪಳ ಜಿಲ್ಲೆಯ ಗಿಣಿಗೇರಾದಲ್ಲಿದೆ. ಕೆಂಪಗೆ ಕಾದ ಉಕ್ಕು ಮುಂಢವಾದಲ್ಲಿ ಲಾರಿಯ ಆಕ್ಸಲ್, ಕ್ರ್ಯಾಂಕ್‌ಶಾಫ್ಟ್ ಆಗುತ್ತದೆ. ಲಾರಿ ಪುಣೆಯ ಬೇಸಿಗೆಯಲ್ಲೂ ಓಡಬೇಕು, ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ದ್ರಾಸ್‌ನ ಚಳಿಯಲ್ಲೂ ಓಡಬೇಕು.

ಕಷ್ಟವಿರುವುದು ಆ ಚಳಿಯಲ್ಲಿ. ಬೆಚ್ಚಗಿರುವಾಗ ಬಾಗಿ, ಹಿಗ್ಗಿ, ಮುನ್ಸೂಚನೆ ಕೊಟ್ಟು ಹರಿಯುವ ಉಕ್ಕು ಒಂದು ಹಂತಕ್ಕಿಂತ ತಣ್ಣಗಾದರೆ ಪೆಡಸಾಗಿ ಫಟ್ಟನೆ ಸೀಳುತ್ತದೆ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲ ಹಡಗು ನಿಶ್ಚಲ ನೀರಿನಲ್ಲಿ, ಕಟ್ಟೆಗೆ ಕಟ್ಟಿದ್ದಲ್ಲೇ ಬಿರಿಯಿತು. ಅಂಥ ಹಡಗುಗಳಲ್ಲಿ ದೋಷ ಬೆಸುಗೆಯದು ಮಾತ್ರವಲ್ಲ, ಚಳಿಗೆ ಉಕ್ಕೇ ಪೆಡಸಾಗುತ್ತಿದೆ ಎಂದು ತೋರಿಸಿಕೊಟ್ಟವರು ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್.

ಇದನ್ನು ಅಳೆಯಲು ಇಂದಿಗೂ ಚಾರ್ಪಿ ಪರೀಕ್ಷೆಯೇ ಆಧಾರ. 55 ಮಿ.ಮೀ. ಉದ್ದ, 10 ಮಿ.ಮೀ. ದಪ್ಪದ ತುಂಡು, ನಡುವೆ 2 ಮಿ.ಮೀ. ಆಳದ ‘ವಿ’ ಆಕಾರದ ಕಚ್ಚು. ಡ್ರೈ ಐಸ್ ಬೆರೆಸಿದ ಆಲ್ಕೋಹಾಲ್‌ನಿಂದ ಇಕ್ಕಳದಲ್ಲಿ ಎತ್ತಿ, ಐದು ಸೆಕೆಂಡಿನೊಳಗೆ ಲೋಲಕದ ಸುತ್ತಿಗೆಗೆ ಒಡ್ಡಬೇಕು. ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ ಸಂಗತಿ ಕಣ್ಣಿಗೇ ಕಾಣುತ್ತದೆ: ಹಿಗ್ಗಿ ಹರಿದದ್ದು ಬೂದಿಬಣ್ಣದ ನಾರುನಾರು, ಸೀಳಿದ್ದು ಹರಳುಹರಳಾಗಿ ಮಿನುಗು.

ಕಂಪ್ಯೂಟರ್ ಮಾದರಿ ಕಟ್ಟುವವರು ಇದೇ ತುಂಡನ್ನು ಪರದೆಯ ಮೇಲೆ ಸಣ್ಣ ಸಣ್ಣ ಖಂಡಗಳ ಜಾಲವಾಗಿ ಒಡೆಯುತ್ತಾರೆ. ಕಚ್ಚಿನ ಬುಡದಲ್ಲಿ ಖಂಡಗಳು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕಿರಿದು. ಪ್ರತಿ ಖಂಡದಲ್ಲೂ ಎರಡು ಲೆಕ್ಕ ಒಟ್ಟಿಗೇ ನಡೆಯುತ್ತವೆ. ಮೊದಲನೆಯದಕ್ಕೆ ಗರ್ಸನ್ 1977ರಲ್ಲಿ ಕೊಟ್ಟ ಸೂತ್ರ ಬುನಾದಿ. ಮ್ಯಾಂಗನೀಸ್ ಸಲ್ಫೈಡ್‌ನಂಥ ಕಣಗಳ ಸುತ್ತ ಹುಟ್ಟುವ ಪೊಳ್ಳುಗಳು ಬೆಳೆದು ಒಂದಕ್ಕೊಂದು ಕೂಡಿಕೊಳ್ಳುವುದನ್ನು ಈ ಲೆಕ್ಕ ಎಣಿಸುತ್ತದೆ. ಎರಡನೆಯದು 1983ರಲ್ಲಿ ಫ್ರಾನ್ಸಿನ ಸಂಶೋಧಕರ ಗುಂಪು ‘ಬೆರೆಮಿನ್’ ಹೆಸರಿನಲ್ಲಿ ಪ್ರಕಟಿಸಿದ್ದು: ಎಳೆತ ಹೆಚ್ಚಿರುವ ಜಾಗದಲ್ಲಿ ದುರ್ಬಲ ಕಣವೊಂದು ಬಿರಿದು ಸೀಳು ಹೊರಡುವ ಸಂಭವವೆಷ್ಟು? ಚಳಿ ಏರಿದಂತೆ ಉಕ್ಕು ಮಣಿಯಲು ಒಪ್ಪುವುದಿಲ್ಲ, ಬುಡದಲ್ಲಿ ಎಳೆತ ಏರುತ್ತದೆ, ಪೊಳ್ಳು ಬೆಳೆಯುವ ಮುನ್ನವೇ ಸೀಳು ಗೆದ್ದುಬಿಡುತ್ತದೆ. ಇಂಥ ಲೆಕ್ಕಗಳು ನಮಗೆ ದೂರದವೇನಲ್ಲ. ಬಿರುಕಿನ ತುದಿಯಲ್ಲಿ ಏನಾಗುತ್ತದೆಂದು ಗಣಿಸುವುದರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ನರಸಿಂಹನ್ ಹೆಸರು ಮಾಡಿದರು. 1999ರ ಭಟ್ನಾಗರ್ ಪ್ರಶಸ್ತಿ ಅವರದು.

ಈ ಕಸುಬಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು, ಅದು ಒಂದೇ ಉತ್ತರವನ್ನು ಹಟಹಿಡಿದು ಹೇಳುವುದಿಲ್ಲ ಎಂಬುದು. ಒಂದೇ ಹಾಳೆಯಿಂದ ಕತ್ತರಿಸಿದ ತುಂಡುಗಳೂ ಒಂದೇ ಉಷ್ಣತೆಯಲ್ಲಿ ಬೇರೆ ಬೇರೆ ಬಲಕ್ಕೆ ಮುರಿಯುತ್ತವೆ. ದುರ್ಬಲ ಕಣ ಎಲ್ಲಿದೆಯೋ ಯಾರಿಗೆ ಗೊತ್ತು! ಹಾಗಾಗಿ ಮಾದರಿ ಕೊಡುವುದು ಸಂಭವದ ಪಟ್ಟಿ. ಅದರೊಳಗಿನ ಸ್ಥಿರಾಂಕಗಳೂ ನಿಜವಾದ ಸುತ್ತಿಗೆ ಏಟಿನಿಂದಲೇ ಬರಬೇಕು. ಪ್ರಯೋಗಶಾಲೆ ಮುಚ್ಚಿ ಕಂಪ್ಯೂಟರೊಂದನ್ನೇ ನಂಬಿ ಎನ್ನುವವರ ಮಾತು ಕೇಳಬಾರದು.

ಲೆಕ್ಕವಿಲ್ಲದೆ ಕೆಲಸ ಸಾಗದ ಜಾಗವೂ ಪುಣೆ ಇರುವ ಮಹಾರಾಷ್ಟ್ರದಲ್ಲೇ ಇದೆ. 1969ರಿಂದ ವಿದ್ಯುತ್ ಕೊಟ್ಟ ತಾರಾಪುರದ ಮೊದಲೆರಡು ರಿಯಾಕ್ಟರ್‌ಗಳ ಉಕ್ಕಿನ ಒತ್ತಡಪಾತ್ರೆಗೆ ನ್ಯೂಟ್ರಾನುಗಳು ಬಡಿದಂತೆಲ್ಲ, ಉಕ್ಕು ಪೆಡಸಾಗುವ ಉಷ್ಣತೆ ಮೇಲೇರುತ್ತದೆ. ಅದನ್ನು ತಿಳಿಯಲೆಂದೇ ಪಾತ್ರೆಯೊಳಗೆ ಅದೇ ಉಕ್ಕಿನ ತುಂಡುಗಳನ್ನು ಇಟ್ಟು, ಆಗಾಗ ಹೊರತೆಗೆದು ಮುರಿದು ನೋಡುತ್ತಾರೆ. ಇಟ್ಟ ತುಂಡುಗಳು ಮುಗಿದರೆ ಮುಗಿಯಿತು. ಆದ್ದರಿಂದ ಮುರಿದ ಅರ್ಧಗಳಿಂದಲೂ ಇನ್ನೂ ಚಿಕ್ಕ ತುಂಡು ಕೊರೆದು ಪರೀಕ್ಷಿಸುವ ವಿಧಾನಗಳು ಬಂದಿವೆ. ಆ ಚಿಕ್ಕ ತುಂಡು ಹೇಳಿದ್ದನ್ನು ದಪ್ಪ ಗೋಡೆಗೆ ಹೊಂದಿಸಿ ಓದುವ ಕೆಲಸ ಮಾದರಿಯದು.